ಯಾರದ್ರೀ ಈ ಗಾಡಿ?

ಮುಂಜಾನೆ ಮೊದಲ ಬಸ್ಸಿಗೆ ಹೋಗುವವರಿಗೆ ಚಿಂತೆ ಎರಡು. ಸೀಟು ಸಿಗುತ್ತದೋ ಇಲ್ಲವೋ ಎಂಬುದು ಒಂದು. ರಾತ್ರಿ ತಿರುಗಿ ಬಂದಾಗ ಗಾಡಿ ಬಿಟ್ಟಲ್ಲೇ ಇರುತ್ತದೋ ಇಲ್ಲವೋ ಎಂಬುದು ಇನ್ನೊಂದು. ಸೀಟು ಸಿಗದಿದ್ದರೆ ಗದಗಿನವರೆಗೆ ನಿಂತು ಹೋದರಾಯಿತು. ಗಾಡಿ ಸಿಗದಿದ್ದರೆ?

ರೋಣ, ನರಗುಂದ, ಗಜೇಂದ್ರಗಡ. ಮೂರರಲ್ಲಿ ಯಾವ ಊರಿನ ಬಸ್ ನಿಲ್ದಾಣದ ಮುಂದಾದರೂ ಏಳು ಗಂಟೆಗೆ ನಿಂತು ನೋಡಿರಿ. ಚಹಾದಂಗಡಿ ಮಗ್ಗಲು, ಔಷಧ ಅಂಗಡಿಯ ಮೆಟ್ಟಿಲ ಕೆಳಗೆ, ಬೇವಿನ ಗಿಡದ ಬುಡಕ್ಕೆ, ಗಟಾರದ ದಂಡೆಗೆ ಗಾಡಿಯೋ ಗಾಡಿ. ಹಳ್ಳಿಯಿಂದ ಬಂದ ಮಾಸ್ತರರದು, ಕಚೇರಿ ಗುಮಾಸ್ತರದು, ಹುಬ್ಬಳ್ಳಿಗೆ ಮಾಲು ತರಲು ಹೊರಟ ವ್ಯಾಪಾರಸ್ಥರದು. ಒಂದಕ್ಕೆ ಹ್ಯಾಂಡಲ್ ಲಾಕ್ ಇದೆ, ಇನ್ನೊಂದಕ್ಕೆ ಇಲ್ಲ. ಮತ್ತೊಂದರಲ್ಲಿ ಚಾವಿಯೇ ನೇತಾಡುತ್ತಿದೆ! ಮಾಲೀಕ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮರೆತು ಹೋಗಿದ್ದಾನೆ. ಅವನ ಗ್ರಹಚಾರ ನೆಟ್ಟಗಿದ್ದರೆ ಚಹಾದಂಗಡಿಯವನು ತೆಗೆದಿಟ್ಟಿರುತ್ತಾನೆ. ಇಲ್ಲದಿದ್ದರೆ ಇಲ್ಲ.

ಪರರ ಕಥೆ ಹೇಳಿ ಬುದ್ಧಿ ಹೇಳುವುದು ಸುಲಭ. ನಾನು ನನ್ನ ಕಥೆಯನ್ನೇ ಹೇಳುತ್ತೇನೆ.

ಅಂದು ರಾತ್ರಿ

2024ರ ದೀಪಾವಳಿ ಮುಗಿದ ವಾರ. ಈ ಮೂರು ಊರುಗಳಲ್ಲಿ ಯಾವ ಊರು ಎಂದು ಹೇಳುವುದಿಲ್ಲ, ಮೂರೂ ನನ್ನವೇ. ಪೇಪರ್ ಕೆಲಸದ ಮೇಲೆ ಗದಗಿಗೆ ಹೋಗಬೇಕಾಗಿತ್ತು. ಪಾವತಿ ಕೊಡುವ ಗಾಡಿ ಸ್ಟ್ಯಾಂಡು ಇಪ್ಪತ್ತು ಹೆಜ್ಜೆ ದೂರ. ಹತ್ತು ರೂಪಾಯಿ ಉಳಿಯಿತು ಎಂದುಕೊಂಡು ಚಹಾದಂಗಡಿಯ ಎದುರಿಗೆ ನಿಲ್ಲಿಸಿ ಬಸ್ಸು ಹತ್ತಿದೆ. ರಾತ್ರಿ ವಸ್ತಿ ಬಸ್ಸಿಗೆ ಬಂದಿಳಿದಾಗ ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಮೊದಲು ಬಂದ ವಿಚಾರ ಕಳವಿನದಲ್ಲ. ತಮ್ಮ ಒಯ್ದಿರಬೇಕು, ಗೆಳೆಯ ಒಯ್ದಿರಬೇಕು ಎಂದುಕೊಂಡೆ. ಫೋನು ಮಾಡಿದೆ, ಓಣಿ ಓಣಿ ತಿರುಗಿದೆ. ಹೀಗೆ ಒಂದೂವರೆ ತಾಸು ಹೋಯಿತು. ಆ ಒಂದೂವರೆ ತಾಸು ಕಳ್ಳನಿಗೆ ನಾನು ಕೈಯಾರೆ ಕೊಟ್ಟ ಕಾಣಿಕೆ.

ಮರುದಿನ ಚಹಾದಂಗಡಿಯ ಕಾಕಾ ಹೇಳಿದ್ದನ್ನು ಇಂದಿಗೂ ಮರೆತಿಲ್ಲ.

"ತಮ್ಮಾ, ನಾ ನೋಡೀನೋ. ದೀಪ ಹಚ್ಚೂ ಹೊತ್ತಿಗೆ ಇಬ್ಬರು ಹುಡುಗರು ನೂಕಿಕೊಂಡು ಹೊಂಟಿದ್ರು. ಪೆಟ್ರೋಲ್ ತೀರೇತಿ ಅಂತ ಕಾಣ್ತದ, ನಿನ್ನ ಕಡೇ ಹುಡುಗರ ಇರಬೇಕು ಅಂತ ಸುಮ್ಮನಾದೆ."

"ಕೇಳಬೇಕಿಲ್ಲೇನು ಕಾಕಾ?"

"ಕೇಳಿ ಬೈಸಿಕೊಳ್ಳೂದು ಯಾಕಪಾ ಅಂತ..."

ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟು ಮಾಡುವ ಹಕ್ಕು ನನಗಿತ್ತೇ? ಅದನ್ನು ಮುಂದೆ ಹೇಳುತ್ತೇನೆ.

ಮೂರು ದಾರಿ ಕೂಡುವ ಸೀಮೆ

ನಮ್ಮ ಸೀಮೆಯ ನಕಾಶೆ ಒಮ್ಮೆ ತೆರೆದು ನೋಡಿರಿ. ನರಗುಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಒಂದು ಕಡೆ ಹೊರಟರೆ ನವಲಗುಂದ, ಧಾರವಾಡ ಜಿಲ್ಲೆ. ಇನ್ನೊಂದು ಕಡೆ ಕುಳಗೇರಿ ಕ್ರಾಸು, ಬಾಗಲಕೋಟೆ ಜಿಲ್ಲೆ. ಗಜೇಂದ್ರಗಡದಿಂದ ಕುಷ್ಟಗಿ ದಾರಿ ಹಿಡಿದರೆ ಕೊಪ್ಪಳ ಜಿಲ್ಲೆ, ಇಳಕಲ್ಲ ದಾರಿ ಹಿಡಿದರೆ ಮತ್ತೆ ಬಾಗಲಕೋಟೆ ಜಿಲ್ಲೆ. ರೋಣದಿಂದ ಬಾದಾಮಿ ಏನು ದೂರ? ನಾನು ಓಣಿ ತಿರುಗಿದ ಒಂದೂವರೆ ತಾಸಿನಲ್ಲಿ ಗಾಡಿ ಆರಾಮವಾಗಿ ಬೇರೆ ಜಿಲ್ಲೆಯ ಹಳ್ಳಿಯಲ್ಲಿ ಹೊಸ ಹೆಸರು ಪಡೆದಿರಬಹುದು.

ಕೆಎ-26 ಎಂಬ ಗದಗಿನ ನಂಬರು ಊರ ಹೊರಗಿನ ಹೊಲದಲ್ಲಿ ಬಿದ್ದಿರುತ್ತದೆ. 2019ರ ಏಪ್ರಿಲ್ ಒಂದರಿಂದ ಹೊಸ ಗಾಡಿಗಳಿಗೆ ಬಂದಿರುವ ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಲು ಬರುವುದಿಲ್ಲ, ಮುರಿಯಲೇಬೇಕು. ಆದರೆ ಹಳ್ಳಿಯ ದಾರಿಯಲ್ಲಿ ಪ್ಲೇಟೇ ಇಲ್ಲದ ಗಾಡಿ ಎಷ್ಟು ಓಡುವುದಿಲ್ಲ? ಯಾರು ಕೇಳುತ್ತಾರೆ? ಆದ್ದರಿಂದ ಪ್ಲೇಟಿನ ಮೇಲೆ ಭಾರ ಹಾಕಿ ನಿದ್ದೆ ಮಾಡಬೇಡಿರಿ. ಗಾಡಿಯ ನಿಜವಾದ ಜಾತಕ ಚಾಸಿ ನಂಬರು ಮತ್ತು ಇಂಜಿನ್ ನಂಬರು. ಅವನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಆರ್.ಸಿ. ಪುಸ್ತಕವನ್ನು ಗಾಡಿಯ ಡಬ್ಬಿಯಲ್ಲೇ ಇಟ್ಟಿದ್ದರೆ ಕಳ್ಳನಿಗೆ ಗಾಡಿಯ ಜೊತೆ ಜಾತಕವನ್ನೂ ದಾನ ಮಾಡಿದಂತೆ.

ಠಾಣೆಯ ಮೆಟ್ಟಿಲು

ಮರುದಿನ ಠಾಣೆಗೆ ಹೋದೆ. "ಎರಡು ದಿವಸ ಹುಡುಕಿ ನೋಡ್ರಿ, ಸಿಗದಿದ್ರ ಬರ್ರಿ" ಎಂಬ ಮಾತು ಬಂತು. ಇದು ಎಲ್ಲ ಊರಲ್ಲೂ ಕೇಳುವ ಮಾತು. ನಮ್ಮ ಮಂದಿಯೂ ಇದನ್ನು ಕೇಳಿದ ಕೂಡಲೇ ಕೈಮುಗಿದು ಎದ್ದು ಬರುತ್ತಾರೆ. ಏಳಬೇಡಿರಿ!

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು, ಕಾಯ್ದೆ ಓದಿದವನಲ್ಲ. ಪರಿಚಯದ ವಕೀಲರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. 2024ರ ಜುಲೈ ಒಂದರಿಂದ ಹಳೆಯ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವಿಗೆ ಮೊದಲು 379ನೇ ಕಲಂ ಇತ್ತು, ಈಗ 303. ವಿಚಾರಣೆಯ ರೀತಿ ಹೇಳುವುದು ನಾಗರಿಕ ಸುರಕ್ಷಾ ಸಂಹಿತೆ. ಅದರ 173ನೇ ಕಲಂ ಪ್ರಕಾರ ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ಫಿರ್ಯಾದಿ ಕೊಡಬಹುದು. 'ಅದು ನಮ್ಮ ಹದ್ದಿನಾಗ ಬರೂದಿಲ್ಲ' ಎನ್ನುವಂತಿಲ್ಲ. ಬಾಯಿಯಿಂದ ಹೇಳಬಹುದು, ಬರೆದು ಕೊಡಬಹುದು, ಫೋನು-ಕಂಪ್ಯೂಟರಿನ ಮೂಲಕ ಕಳಿಸಬಹುದು. ಹಾಗೆ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಬರೆದುಕೊಳ್ಳಲು ಒಪ್ಪದಿದ್ದರೆ ಅದೇ ಫಿರ್ಯಾದಿಯನ್ನು ಅಂಚೆಯಲ್ಲಿ ಜಿಲ್ಲಾ ಎಸ್.ಪಿ. ಅವರಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ನಾನು ಎದ್ದು ಬರಲಿಲ್ಲ. ಬೆಂಚಿನ ಮೇಲೆ ಕೂತೆ. ಮಧ್ಯಾಹ್ನಕ್ಕೆ ಫೌಜದಾರರು ಬಂದರು, ಕೇಳಿದರು, ಬರೆದುಕೊಂಡರು. ಪ್ರತಿ ಕೈಗೆ ಬಂತು. ಆ ಒಂದು ಕಾಗದವೇ ಮುಂದೆ ನನ್ನನ್ನು ಉಳಿಸಿತು.

"ಕಂಪ್ಲೇಂಟ್ ಕೊಟ್ರ ಏನಾಕ್ಕೈತ್ರೀ?" ಎಂದು ಕೇಳುವವರಿಗೆ ಒಂದೇ ಮಾತು. ಕಳ್ಳ ನಿಮ್ಮ ಗಾಡಿಯ ಮೇಲೆ ಹೋಗಿ ಯಾರದೋ ಕೊರಳ ಸರ ಹರಿದರೆ, ಯಾರನ್ನೋ ಗುದ್ದಿ ಕೆಡವಿದರೆ, ಪೊಲೀಸರು ಮೊದಲು ಬಂದು ಬಾಗಿಲು ಬಡಿಯುವುದು ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರ ಮನೆಯದು. ಆಗ 'ಗಾಡಿ ಮೊದಲೇ ಕಳುವಾಗೇತಿ' ಎಂದು ಬಾಯಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಐದು ವರ್ಷದ ಇನ್ಶೂರೆನ್ಸು

ಗಾಡಿ ಹೋದರೂ ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯ ಇತ್ತು ನನಗೆ. 2022ರಲ್ಲಿ ಗಾಡಿ ಕೊಂಡಾಗ ಅಂಗಡಿಯವರು "ಐದು ವರ್ಷದ್ದು ಐತ್ರೀ, ಚಿಂತಿ ಬ್ಯಾಡ" ಎಂದಿದ್ದರು. ಕಪಾಟಿನಿಂದ ಪಾಲಿಸಿ ತೆಗೆದು ಕನ್ನಡಕದವರ ಕಡೆ ಓದಿಸಿದೆ. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ಓದುಗರೇ, ನಿಮ್ಮ ಗಾಡಿಯ ಕಾಗದವನ್ನೂ ಇವತ್ತೇ ತೆಗೆದು ನೋಡಿರಿ. 2018ರ ಸೆಪ್ಟೆಂಬರ್ ಒಂದರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆ ಕಡ್ಡಾಯವಾಗಿದೆ ನಿಜ. ಆದರೆ ಆ ಐದು ವರ್ಷ ಇರುವುದು ಥರ್ಡ್ ಪಾರ್ಟಿ ವಿಮೆಗೆ. ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಗಾಡಿಯೇ ಕಳುವಾದರೆ ರೊಕ್ಕ ಕೊಡುವ ಭಾಗ ಬೇರೆ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು, ಪ್ರತಿ ವರ್ಷ ಬೇರೆಯಾಗಿ ತುಂಬಬೇಕು. ನನ್ನದು 2023ರಲ್ಲೇ ಮುಗಿದಿತ್ತು. ನಾನು ಐದು ವರ್ಷದ ಗುಂಗಿನಲ್ಲಿದ್ದೆ.

ಒಂದು ಪೈಸೆ ಬರಲಿಲ್ಲ. ಆದರೆ ಸಾಲದ ಕಂತು ಮಾತ್ರ ತಿಂಗಳು ತಿಂಗಳು ಐದನೇ ತಾರೀಖಿಗೆ ತಪ್ಪದೆ ಬಂತು. ಗಾಡಿ ಕಳುವಾಗುತ್ತದೆ, ಸಾಲ ಕಳುವಾಗುವುದಿಲ್ಲ! ನಡೆದುಕೊಂಡು ಹೋಗಿ ಕಂತು ಕಟ್ಟಿ ಬರುವ ಸುಖ ಶತ್ರುವಿಗೂ ಬೇಡ.

ವಿಮೆ ಸರಿಯಾಗಿ ಇದ್ದವರಿಗೂ ಮೂರು ಮಾತು. ಒಂದು, ಫಿರ್ಯಾದಿ ಕೊಟ್ಟ ದಿನವೇ ಕಂಪನಿಗೂ ತಿಳಿಸಿರಿ. ಎಫ್.ಐ.ಆರ್. ತಡಮಾಡದೆ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಆ ತೀರ್ಪಿನ ಮೇಲೆ ಒರಗಿ ಕೂಡಬೇಡಿರಿ. ಎರಡು, ಕಂಪನಿಯವರು ಗಾಡಿಯ ಎರಡೂ ಚಾವಿ ಕೇಳುತ್ತಾರೆ. ಎರಡನೇ ಚಾವಿ ಮಕ್ಕಳ ಆಟಿಗೆ ಪೆಟ್ಟಿಗೆಯಲ್ಲಿ ಕಳೆದಿದ್ದರೆ ಅನುಮಾನ ನಿಮ್ಮ ಮೇಲೆಯೇ. ಮೂರು, ಗಾಡಿ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೋರ್ಟಿಗೆ ಕೊಡುವ 'ಸಿ' ರಿಪೋರ್ಟಿನ ಪ್ರತಿ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಮನೆಗೆ ಬರುವುದಿಲ್ಲ.

ಚೀಟಿಯ ಹಿಂದಿನ ಬರಹ

ಪಾವತಿ ಕೊಡುವ ಸ್ಟ್ಯಾಂಡಿನ ವಿಷಯಕ್ಕೆ ಬರೋಣ. ಚೀಟಿಯ ಮೇಲೆ 'ಗಾಡಿ ಕಳುವಾದರೆ ನಾವು ಜವಾಬ್ದಾರರಲ್ಲ' ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿ ಬಹಳ ಮಂದಿ ಬಾಯಿ ಮುಚ್ಚುತ್ತಾರೆ. ದಿಲ್ಲಿಯಲ್ಲಿ 1998ರಲ್ಲಿ ಒಂದು ದೊಡ್ಡ ಹೋಟೆಲಿನ ಆಳಿನ ಕೈಗೆ ಚಾವಿ ಕೊಟ್ಟು ಬಿಟ್ಟ ಕಾರು ಕಳುವಾಗಿತ್ತು. ಹೋಟೆಲಿನವರೂ ಇಂಥದೇ ಚೀಟಿ ತೋರಿಸಿದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಚೀಟಿಯನ್ನು ಒಪ್ಪಲಿಲ್ಲ. ಗಾಡಿಯನ್ನು ವಶಕ್ಕೆ ತೆಗೆದುಕೊಂಡ ಮೇಲೆ ಸ್ವಂತ ಮಾಲಿನಂತೆ ಜೋಪಾನ ಮಾಡಬೇಕು, ತನ್ನ ಅಲಕ್ಷ್ಯಕ್ಕೆ ಚೀಟಿ ಅಡ್ಡ ಹಿಡಿಯುವಂತಿಲ್ಲ ಎಂದಿತು.

ನಮ್ಮ ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲಿ ಚಾವಿ ನಮ್ಮ ಕಿಸೆಯಲ್ಲೇ ಇರುತ್ತದೆ, ಆದ್ದರಿಂದ ಆ ತೀರ್ಪು ಇಲ್ಲಿಗೆ ಹಾಗೆಯೇ ಹೊಂದುತ್ತದೆ ಎನ್ನಲು ಬರುವುದಿಲ್ಲ. ಆದರೂ ಚೀಟಿಯಲ್ಲಿ ಗಾಡಿ ನಂಬರು, ತಾರೀಖು ಬರೆಯಿಸಿಕೊಳ್ಳಿರಿ, ಚೀಟಿ ಜೋಪಾನ ಮಾಡಿರಿ. ಕೇಳುವವನಿಗೆ ಕೈಯಲ್ಲಿ ಏನಾದರೂ ಆಧಾರ ಬೇಕು.

ಅಗ್ಗದ ಗಾಡಿ

ಕಳ್ಳ ಹುಟ್ಟುವುದು ಎಲ್ಲಿ? ಕೊಳ್ಳುವವನ ಮನೆಯಲ್ಲಿ! "ಎಂಟು ಸಾವಿರಕ್ಕ ಕೊಡ್ತಾನಂತ, ಕಾಗದ ಆಮ್ಯಾಲೆ ಕೊಡ್ತಾನಂತ" ಎಂದು ಹೊಲಕ್ಕೆ ಹೋಗಿಬರಲು ಗಾಡಿ ಕೊಳ್ಳುವವರು ನಮ್ಮ ಮಂದಿಯೇ. ಆ ಕಾಗದ ಎಂದೂ ಬರುವುದಿಲ್ಲ. ಬರುವುದು ಪೊಲೀಸರು. ಕಳವಿನ ಮಾಲು ಎಂದು ಗೊತ್ತಿದ್ದು, ಇಲ್ಲವೇ ಹಾಗೆ ಅನುಮಾನ ಪಡಲು ಕಾರಣವಿದ್ದೂ ಕೊಂಡರೆ ಹೊಸ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ಕದ್ದವನಿಗೂ ಅಷ್ಟೇ, ಕೊಂಡವನಿಗೂ ಅಷ್ಟೇ.

ನೆಟ್ಟಗಿನ ಹಳೆಯ ಗಾಡಿ ಕೊಂಡವರದೂ ಒಂದು ತಪ್ಪಿದೆ. ಹೆಸರು ಬದಲಿಸುವುದೇ ಇಲ್ಲ. ಮಾರಿದವನು ಹದಿನಾಲ್ಕು ದಿನದಲ್ಲಿ, ಕೊಂಡವನು ಮೂವತ್ತು ದಿನದಲ್ಲಿ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು ಎಂದು ಕಾಯ್ದೆ ಇದೆ. ನಮ್ಮಲ್ಲಿ ಒಂದೇ ಗಾಡಿ ನಾಲ್ಕು ಕೈ ದಾಟಿದರೂ ಹೆಸರು ಮೊದಲಿನವನದೇ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆ ಅವನ ಮೇಲೆಯೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಮಾರಿದವರೇ, ನಿಮ್ಮ ನಿದ್ದೆಯ ಸಲುವಾಗಿಯಾದರೂ ಹೆಸರು ತೆಗೆಸಿರಿ.

ಮುದ್ದೇಮಾಲು

ನಾಲ್ಕು ತಿಂಗಳ ಮೇಲೆ ಬೇರೆ ಜಿಲ್ಲೆಯ ಠಾಣೆಯಿಂದ ಫೋನು ಬಂತು. "ನಿಮ್ಮ ಗಾಡಿ ಸಿಕ್ಕೈತಿ, ಬಂದು ಗುರುತು ಹಚ್ಚರಿ." ಯಾವುದೋ ಹುಡುಗರ ಕಡೆ ಏಳೆಂಟು ಗಾಡಿ ಸಿಕ್ಕಿದ್ದವು. ಪ್ಲೇಟು ಬೇರೆ, ಸೀಟು ಬೇರೆ, ಕನ್ನಡಿ ಇಲ್ಲ, ಬ್ಯಾಟರಿ ಇಲ್ಲ. ಬಣ್ಣ ಕೂಡ ಕಪ್ಪಿನದು ಕೆಂಪಾಗಿತ್ತು. ಹೆತ್ತ ತಾಯಿಗೂ ಗುರುತು ಸಿಗದ ಹಾಗೆ! ಚಾಸಿ ನಂಬರು ಮಾತ್ರ ನನ್ನದೇ. ಅದು ಎಫ್.ಐ.ಆರ್.ನಲ್ಲಿ ಇದ್ದುದಕ್ಕೇ ಅವರು ನನ್ನನ್ನು ಹುಡುಕಿದ್ದರು.

ಅದೇ ಅಂಗಳದಲ್ಲಿ ಇನ್ನೂ ಎಷ್ಟೋ ಗಾಡಿ ನಿಂತಿದ್ದವು. ಟೈರು ಮಣ್ಣಿನಲ್ಲಿ ಹೂತು, ಟ್ಯಾಂಕಿನ ಮೇಲೆ ಬಳ್ಳಿ ಹಬ್ಬಿ. ಫಿರ್ಯಾದಿ ಕೊಡದವರದು ಎಷ್ಟೋ, ಹೆಸರು ಬದಲಿಸದವರದು ಎಷ್ಟೋ. ಯಾರೋ ಎಮ್ಮೆ ಮಾರಿ ಕೊಂಡ ಗಾಡಿ, ಯಾರೋ ಅಳಿಯನಿಗೆ ಕೊಡಿಸಿದ ಗಾಡಿ. ಕೇಳುವವರಿಲ್ಲದೆ ತುಕ್ಕು ಹಿಡಿಯುತ್ತಿದ್ದವು.

ಸಿಕ್ಕ ಗಾಡಿ ಕೋರ್ಟಿನ ಮುದ್ದೇಮಾಲು. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ಫೋಟೋ, ಪಂಚನಾಮೆ ಮಾಡಿ, ಮುಚ್ಚಳಿಕೆ ಬರೆಯಿಸಿಕೊಂಡು ಗಾಡಿಯನ್ನು ಬೇಗ ಬಿಡಬೇಕು, ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಸಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಪ್ರಕರಣ ಮುಗಿಯುವ ತನಕ ಕಾಯಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನನ್ನದು ಮೂರು ವಾರದಲ್ಲಿ ಕೈಗೆ ಬಂತು. ರಿಪೇರಿಗೆ ಹನ್ನೊಂದು ಸಾವಿರ ಬಿತ್ತು.

ಸಣ್ಣ ಕಿರಿಕಿರಿ

ಈಗ ಆ ಸಿಟ್ಟಿನ ವಿಷಯ. ಗಾಡಿ ಹೋಗುವ ಮೊದಲು, ಆ ವರ್ಷದ ಬೇಸಿಗೆಯಲ್ಲಿ ನಡೆದದ್ದು. ನಮ್ಮ ಓಣಿ ಎಂಥದ್ದೆಂದರೆ ಸಂಜೆಯಾದರೆ ಗುಡಿಯ ಹಿಂದೆ ಇಸ್ಪೀಟು, ಮೂಲೆಯಲ್ಲಿ ಬಾಟಲಿ, ನಡುರಾತ್ರಿ ಸೈಲೆನ್ಸರ್ ಕಿತ್ತ ಗಾಡಿಗಳ ಗುಡುಗು. ಒಬ್ಬರ ಗಾಡಿಯ ಸೀಟು ಬ್ಲೇಡಿನಿಂದ ಕೊಯ್ದರೆ, ಮತ್ತೊಬ್ಬರ ಕನ್ನಡಿ ಮಾಯ. ಮೀಸೆ ಮೂಡದ ಹುಡುಗರು ಮೂರು ಮೂರು ಮಂದಿ ಕೂತು ಹಾರಿಸಿಕೊಂಡು ಹೋಗುತ್ತಾರೆ. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅವನು ಅಪರಾಧ ಮಾಡಿದರೆ 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಸಜೆ ಎಂಬುದು ಆ ಅಪ್ಪಂದಿರಿಗೆ ಗೊತ್ತಿದೆಯೋ ಇಲ್ಲವೋ.

ಒಂದು ರಾತ್ರಿ ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಎದುರು ಮನೆಯ ಮಾಸ್ತರರ ಗಾಡಿಗೆ ಇಬ್ಬರು ಪೈಪು ಹಚ್ಚಿ ಪೆಟ್ರೋಲು ಎಳೆಯುತ್ತಿದ್ದರು. ಕೂಗಬಹುದಿತ್ತು. ದೀಪ ಹಚ್ಚಿದ್ದರೂ ಸಾಕಿತ್ತು. 112ಕ್ಕೆ ಫೋನು ಮಾಡಬಹುದಿತ್ತು. 'ನಮಗ್ಯಾಕ ಬೇಕು' ಎಂದು ನಾನು ಸದ್ದಾಗದಂತೆ ಕಿಟಕಿ ಹಾಕಿದೆ. ಮುಂಜಾನೆ ಮಾಸ್ತರರು ಗಾಡಿ ನೂಕಿಕೊಂಡು ಬಂಕಿಗೆ ಹೋಗುವಾಗ "ಏನಾತ್ರೀ ಸರ?" ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

ಚಹಾದಂಗಡಿಯ ಕಾಕಾ ಮಾಡಿದ್ದೂ ಅದನ್ನೇ. ಅವರು ಒಂದು ನಿಮಿಷ ಸುಮ್ಮನಿದ್ದರು, ನಾನು ಕಿಟಕಿಯನ್ನೇ ಹಾಕಿದ್ದೆ. ಅವರ ಮೇಲೆ ಸಿಟ್ಟು ಮಾಡಲು ನನಗೆ ಯಾವ ಮುಖ?

ಈಚೆಗೆ ಮಾಸ್ತರರಿಗೆ ಅದನ್ನು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅವತ್ತ ಎಚ್ಚರಿದ್ದೆ ತಮ್ಮಾ, ಹೊರಗ ಬರಾಕ ಧೈರ್ಯ ಆಗಲಿಲ್ಲ" ಎಂದರು. ನೋಡಿರಿ! ಎರಡು ಮನೆ ಎಚ್ಚರಿದ್ದವು, ಕಳ್ಳರು ನಿಶ್ಚಿಂತೆಯಿಂದ ಪೆಟ್ರೋಲು ಒಯ್ದರು.

ಓಣಿಯ ಕಣ್ಣು

ಹೊಡೆದಾಡಿರಿ ಎಂದು ನಾನು ಹೇಳುವುದಿಲ್ಲ. ಕಳ್ಳನ ಕೈಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು? ಆದರೆ ದೀಪ ಹಚ್ಚಲು, ಕೆಮ್ಮಲು, 'ಯಾರದು?' ಎಂದು ಒಳಗಿನಿಂದಲೇ ಕೂಗಲು ಶೌರ್ಯ ಬೇಕಿಲ್ಲ. ನಮ್ಮ ಓಣಿಯಲ್ಲಿ ಈಗ ಹತ್ತು ಮನೆಯವರು ಸೇರಿ ಮೂರು ಕೆಲಸ ಮಾಡಿದ್ದೇವೆ. ಆರಿಹೋದ ಬೀದಿ ದೀಪದ ಕಂಬದ ನಂಬರು ಬರೆದು ಪುರಸಭೆಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಎರಡನೇ ಅರ್ಜಿಗೆ ದೀಪ ಹತ್ತಿತು. ಬೀಟಿಗೆ ಬರುವ ಪೊಲೀಸಪ್ಪನ ಫೋನ್ ನಂಬರನ್ನು ಎಲ್ಲರೂ ಬರೆದುಕೊಂಡೆವು. ರಾತ್ರಿ ಗಾಡಿಗಳನ್ನು ಒಂದೇ ಸಾಲಿಗೆ, ಒಂದು ಸರಪಳಿ ಪೋಣಿಸಿ ನಿಲ್ಲಿಸುತ್ತೇವೆ.

ಅಂಗಡಿಕಾರ ಅಣ್ಣಂದಿರಿಗೆ ಒಂದು ವಿನಂತಿ. ನಿಮ್ಮ ಕ್ಯಾಮೆರಾ ಗಲ್ಲೆಯನ್ನು ನೋಡುತ್ತಿದ್ದರೆ ಇನ್ನೊಂದನ್ನು ಬೀದಿಗೆ ತಿರುಗಿಸಿರಿ. ಅದರ ಚಿತ್ರ ಕೆಲವು ದಿನವಾದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಯಾರಾದರೂ ಕಳಕೊಂಡು ಬಂದರೆ 'ನಾಳೆ ಬಾ' ಎನ್ನದೆ ಅಂದೇ ತೆಗೆದು ಕೊಡಿರಿ. ನಿಮ್ಮ ಅಂಗಡಿಯ ಮುಂದೆ ದಿನಾ ಯಾರ ಗಾಡಿ ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತಿರುವಷ್ಟು ಪೊಲೀಸರಿಗೂ ಗೊತ್ತಿರುವುದಿಲ್ಲ. ಹ್ಯಾಂಡಲ್ ಲಾಕನ್ನು ಕಳ್ಳ ಒಂದು ಒದೆತಕ್ಕೆ ಮುರಿಯುತ್ತಾನೆ. ಬಾಯಿ ತೆರೆದು ಕೇಳುವ ಮನುಷ್ಯನನ್ನು ದಾಟಿ ಹೋಗುವುದು ಅವನಿಗೆ ಅಷ್ಟು ಸುಲಭವಲ್ಲ.

ಕಳೆದ ವಾರ ಗದಗಿನಿಂದ ಬಂದಿಳಿದು ನನ್ನ ಗಾಡಿಯ ಹತ್ತಿರ ಹೋದೆ. ಚಹಾದಂಗಡಿಯ ಮಗ್ಗಲು ಪಂಕ್ಚರ್ ಅಂಗಡಿಗೆ ಹೊಸ ಹುಡುಗ ಬಂದಿದ್ದಾನೆ. ಚಾವಿ ತೆಗೆಯುವಷ್ಟರಲ್ಲಿ ಎದ್ದು ಬಂದು ಕ್ಯಾರಿಯರ್ ಮೇಲೆ ಕೈ ಇಟ್ಟ.

"ಯಾರದ್ರೀ ಈ ಗಾಡಿ? ನಿಮ್ಮದ ಏನು?"

ನಾನು ಆರ್.ಸಿ. ತೋರಿಸಲು ಫೋನು ತೆಗೆದೆ. ಒಳಗಿನಿಂದ ಕಾಕಾ ನಗುತ್ತ ಕೂಗಿದರು: "ಬಿಡೋ, ಅದು ಅವರದ ಐತಿ."

ಹುಡುಗ ಕೈ ತೆಗೆದ. ಬೇಜಾರಾಗಲಿಲ್ಲ. ಅವನಿಗೊಂದು ಚಹಾ ಹೇಳಿ, ನಾನೂ ಒಂದು ಕುಡಿದು ಮನೆಗೆ ಹೊರಟೆ.